ಏನೂ ಬೀಳದ ಊರಿನ ಗೀಟು

ನಾನು ಒಂದು ಭೂಕಂಪ ಮಾಪಕ. ಹಾಗೆಂದು ಹೆದರುಪುಕ್ಕಲ ಎಂದುಕೊಳ್ಳಬೇಡಿ. ನಡುಗುವುದು ನೆಲ, ಅಳೆಯುವುದು ನಾನು. ಕಾರ್ಖಾನೆಯಲ್ಲಿ ನನ್ನನ್ನು ಮನಸೋ ಇಚ್ಛೆ ಅಲ್ಲಾಡಿಸಿ, ಸುಳ್ಳು ಬರೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮುದ್ರೆ ಒತ್ತಿದರು. ಆ ಮುದ್ರೆಯ ಮಾನ ಉಳಿಸುವುದೇ ನನ್ನ ಹಠ.

ಮೊದಲು ಅಣೆಕಟ್ಟಿನ ಕಚೇರಿಯೊಂದರಲ್ಲಿ ಸುಮ್ಮನೆ ಕೂತಿದ್ದೆ. ಆಮೇಲೆ ಚಿಂಚೋಳಿ ಸೀಮೆಯ ಒಂದು ಹಳ್ಳಿಶಾಲೆಯ ನೆಲಕ್ಕೆ ಬೋಲ್ಟು ಹಾಕಿ ಬಿಗಿದರು. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಮೇಲೆ ಹಾಸುಗಲ್ಲಿನ ಚಾವಣಿ. ಅದರಡಿ ನಲವತ್ತೊಂದು ಮಕ್ಕಳು.

ಒಂದು ಬೆಳಿಗ್ಗೆ ನೆಲ ಜೋರಾಗಿ ಅಲುಗಿತು. ನಾನು ಎತ್ತರದ ಗೀಟು ಎಳೆದೆ. ಇಂಥ ಗೀಟನ್ನು ಊರಿನಲ್ಲಾದ ಹಾನಿಯ ಜೊತೆ ತಾಳೆ ನೋಡುವುದು ಇಲಾಖೆಯ ಪದ್ಧತಿ. ಪಾತ್ರೆ ಬಿದ್ದವೇ, ಗೋಡೆ ಬಿರಿಯಿತೇ ಎಂದು ಇಲಾಖೆಯವರು ಊರವರಿಂದ ನಮೂನೆ ತುಂಬಿಸಿದರು. ಮನೆಮನೆಯಿಂದಲೂ ಬಂದ ಉತ್ತರ ಒಂದೇ: ಇಲ್ಲ. ದೊಡ್ಡ ಸಾಹೇಬರಾದ ಮೇಟಿಯವರು ಕಾಗದ ನೋಡಿ, ಪೆಟ್ಟಿಗೆಯೇ ಕೆಟ್ಟಿದೆ, ಬಿಚ್ಚಿ ತನ್ನಿ ಎಂದರಂತೆ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಗೀಟು ಸುಳ್ಳೆಂದಾದರೆ ಮಕ್ಕಳ ತಲೆಯ ಮೇಲಿನ ಆ ಹಾಸುಗಲ್ಲುಗಳನ್ನು ಇಳಿಸುವವರು ಯಾರು?

ಬಿಚ್ಚಲು ಬಂದವರು ಭೂವಿಜ್ಞಾನಿ ಮೆಹರುನ್ನೀಸಾ. ಬೋಲ್ಟು ಸಡಿಲಿಸುವ ಪಾನಾ ಹಿಡಿದು ಕೂತವರು, ಬಿಸಿಯೂಟ ಬೇಯಿಸುವ ಚಂದಮ್ಮನನ್ನು ಸುಮ್ಮನೆ ಕೇಳಿದರು, ನಿಜವಾಗಿಯೂ ಒಂದು ಪಾತ್ರೆಯೂ ಬೀಳಲಿಲ್ಲವೇ ಎಂದು.

“ಬೀಳಾಕ ಮ್ಯಾಲೇನಿತ್ತವ್ವ? ಹ್ವಾದ ವರ್ಷ ನೆಲ ಅಳ್ಳಾಡ್ದಾಗಿಂದ ಎಲ್ಲಾರೂ ಭಾಂಡಿ ಕೆಳಗೇ ಇಟ್ಟೀವಿ.”

“ಮತ್ತ ಗ್ವಾಡಿ?”

“ಬಿರದಿತ್ತು. ಬಂದವ್ರಿಗಿ ಬಿರುಕು ತೋರಸ್ತಾರೇನು? ಅವತ್ತೇ ಕೆಮ್ಮಣ್ಣು ಮೆತ್ತೀವಿ.”

ಮೆಹರುನ್ನೀಸಾ ಪಾನಾದ ತುದಿಯಿಂದ ಶಾಲೆಯ ಗೋಡೆ ಕೆರೆದರು. ಹೊಸ ಮಣ್ಣು ಉದುರಿ, ಬೆರಳು ಹೋಗುವಷ್ಟು ಬಿರುಕು ಕಂಡಿತು. ನನ್ನನ್ನು ಬಿಚ್ಚದೆ ಊರೆಲ್ಲ ಸುತ್ತಿ ಹೊಸದಾಗಿ ಬರೆದುಕೊಂಡರು. ಈ ಸಲ ಊರಿನ ಮಾತೂ ನನ್ನ ಗೀಟೂ ತಾಳೆಯಾದವು. ಮೇಟಿಯವರು ಬಂದು ಬಿರುಕಿನಲ್ಲಿ ಬೆರಳಿಟ್ಟು ನೋಡಿ, ತಪ್ಪು ತಮ್ಮದೇ ಎಂದು ಒಪ್ಪಿ ಶಾಲೆಯ ದುರಸ್ತಿಗೆ ರುಜು ಹಾಕಿದರು. ಕಲ್ಲು ಇಳಿಸಿ, ಗೋಡೆ ಬಿಗಿ ಮಾಡಿಸಿ, ತಗಡು ಹೊದಿಸಿದರು.

ಈಗ ನನಗೆ ವಯಸ್ಸಾಗಿದೆ. ಕಾಲೇಜೊಂದರ ಗಾಜಿನ ಕಪಾಟಿನಲ್ಲಿದ್ದೇನೆ. ಪಕ್ಕದ ಚೀಟಿಯಲ್ಲಿ ನನ್ನ ತೂಕ, ಹುಟ್ಟಿದ ವರ್ಷ ಇದೆ. ಬರೆಯದೆ ಬಿಟ್ಟದ್ದನ್ನು ನಾನೇ ಹೇಳುತ್ತೇನೆ: ತಗಡು ಹೊದಿಸಿ ಎರಡು ತಿಂಗಳಿಗೆ, ಮಗ್ಗಿ ಹೇಳುವ ಹೊತ್ತಿನಲ್ಲಿ, ಮೊದಲಿನದಕ್ಕಿಂತ ದೊಡ್ಡ ನಡುಕ ಬಂತು. ನಲವತ್ತೊಂದು ಮಕ್ಕಳೂ ಅವತ್ತು ನಡೆದುಕೊಂಡೇ ಮನೆಗೆ ಹೋದರು.