ಸುಲೋಚನಮ್ಮನ ಕೇದಿಗೆ ಮೆಳೆ

ಸುಲೋಚನಮ್ಮನಿಗೆ ನಿನ್ನೆಯಿಂದ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಅಂಥಿಂಥ ಸಿಟ್ಟಲ್ಲ ಅದು, ಒಲೆ ಮುಂದೆ ಕೂತರೆ ಒಲೆಯೇ ತಣ್ಣಗಿದೆ ಅನ್ನಿಸುವಂಥ ಸಿಟ್ಟು. ಅವಳ ಗಂಡ ತಿಪ್ಪೇರುದ್ರಪ್ಪ, ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನ, ಹಣೆ ತುಂಬ ವಿಭೂತಿ ಬಳಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ, "ನಮ್ಮ ತೋಟದಾಗೆ ಹಳ್ಳಕ್ಕೆ ಹೋಗೋ ದಾರಿ ಯಾವ ಕಾಲಕ್ಕೂ ಇರಲಿಲ್ಲ ಸಾರ್" ಎಂದು ಸಾಕ್ಷಿ ನುಡಿದು ಬಂದಿದ್ದ. ಅಯ್ಯೋ ಶಿವನೇ! ಮದುವೆಯಾಗಿ ಈ ತೋಟದ ಮನೆಗೆ ಬಂದಾಗಿನಿಂದ ಅವಳು ಅದೇ ದಾರಿಯಲ್ಲಿ ಕುರಿಗಳು ನೀರಿಗೆ ಹೋಗುವುದನ್ನು ಕಂಡಿದ್ದಳು. ಹೋದ ತಿಂಗಳು ಗಂಡ ಅದಕ್ಕೆ ಅಡ್ಡವಾಗಿ ಜಾಲಿಮುಳ್ಳಿನ ಬೇಲಿ ಹಾಕಿಸಿದ. ಕುರಿಯವರು ದೂರು ಕೊಟ್ಟರು. ದೊಡ್ಡ ಮನುಷ್ಯನ ಮಾತೇ ಗೆದ್ದಿತು. ಪಕ್ಕದ ಹೊಲದ ಸೂರಮ್ಮನ ಕುರಿಗಳು ಇನ್ನು ಲಾರಿಗಳ ನಡುವೆ ಡಾಂಬರು ರಸ್ತೆ ಸುತ್ತಿಕೊಂಡು ಹೋಗಿ ನೀರು ಕುಡಿಯಬೇಕು.

ಆ ಸೂರಮ್ಮನೇ ಇವಳಿಗೆ ಕೇದಿಗೆ ಮರಿಗಳನ್ನು ತಂದುಕೊಟ್ಟವಳು. ದೇವಸಮುದ್ರದ ಕಡೆ ಅವಳ ತವರಿನ ಹಳ್ಳದಿಂದ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. "ಇದರ ಕಾಲು ಯಾವಾಗ್ಲೂ ನೀರಾಗೇ ಇರಬೇಕು ಕಣಮ್ಮ" ಅಂದಿದ್ದಳು. ಬೋರಿನ ತೊಟ್ಟಿ ತುಂಬಿ ಹರಿದು ಕೆಸರಾಗುವ ಮೂಲೆಯಲ್ಲಿ ಸುಲೋಚನಮ್ಮ ಅವನ್ನು ನೆಟ್ಟಳು. ಮೊದಲ ಬೇಸಿಗೆಗೆ ಒಂದು ಸತ್ತಿತು. ಉಳಿದವು ಬೇರು ಬಿಟ್ಟು, ಮುಳ್ಳಿನಂಚಿನ ಗರಿ ಚಾಚಿ, ಅವಳ ಮೊಣಕೈವರೆಗೆ ಗೀರಿ ಗೀರಿ ಮೆಳೆಯಾದವು. ಕಪ್ಪೆ ಬಂದವು, ಕಪ್ಪೆಯ ಹಿಂದೆ ಕೇರೆಹಾವು ಬಂತು, ಈ ಮಳೆಗಾಲಕ್ಕೆ ಒಂದು ಜೋಡಿ ನೀರುಕೋಳಿ ಬಂದು ಒಳಗೆ ಗೂಡು ಕಟ್ಟಿತು. ಅದರ ಜೊತೆಗೇ ಮೊದಲ ಹೂವೂ ಬಿಟ್ಟಿತ್ತು. ಹಿತ್ತಿಲೆಲ್ಲ ಘಮಘಮ.

ಬೆಳಿಗ್ಗೆ ಪೂಜೆ ಮುಗಿಸಿದ ತಿಪ್ಪೇರುದ್ರಪ್ಪ ಆಳು ಕ್ಯಾತಣ್ಣನ ಕೈಗೆ ಕೊಡಲಿ ಕೊಟ್ಟು ಹಿತ್ತಿಲಿಗೆ ಕರೆತಂದ.

"ಬುಡಕ್ಕೇ ಹಾಕು. ಒಂದು ಮರೀನೂ ಉಳೀಬಾರ್ದು."

ಸುಲೋಚನಮ್ಮ ಕೈಯಲ್ಲಿದ್ದ ಮೊರ ಬಿಸಾಡಿ ಓಡಿ ಬಂದಳು. "ಯಾಕ್ರೀ? ಏನ್ ಮಾಡೈತೆ ಅದು ನಿಮಗೆ?"

"ನಾಳೆ ಸ್ವಾಮಿಗಳು ಪಾದಪೂಜೆಗೆ ಬರ್ತಾರೆ. ಕೇದಿಗೆ ವಾಸ್ನೆ ಮೂಗಿಗೆ ಬಡಿದ್ರೆ ಏನಂದ್ಕೊಂಡಾರು? ಶಿವನಿಗೆ ಆಗದ ಹೂವು ಅದು."

"ಯಾಕೆ ಆಗಲ್ಲ?"

ಪುರಾಣ ಹೇಳುವುದೆಂದರೆ ತಿಪ್ಪೇರುದ್ರಪ್ಪನಿಗೆ ಹೋಳಿಗೆ ಊಟ. ಗಂಟಲು ಸರಿಮಾಡಿಕೊಂಡ. "ಶಿವನ ನೆತ್ತಿ ನೋಡಿ ಬಂದೆ ಅಂತ ಬ್ರಹ್ಮ ಸುಳ್ಳು ಹೇಳಿದ. ಹೌದೌದು, ನಾನೂ ಕಂಡೆ ಅಂತ ಈ ಹೂವು ಸಾಕ್ಷಿ..."

ಮಾತು ಅಲ್ಲಿಗೇ ನಿಂತಿತು. ಕ್ಯಾತಣ್ಣ ನೆಲ ನೋಡಿದ.

"ಹೇಳ್ರಿ, ಯಾಕೆ ನಿಲ್ಸಿದ್ರಿ?" ಸುಲೋಚನಮ್ಮ ಅವನೆದುರಿಗೆ ಬಂದು ನಿಂತಳು. "ಸುಳ್ಳು ಸಾಕ್ಷಿ ಹೇಳ್ತು, ಶಿವ ಶಾಪ ಕೊಟ್ಟ. ಪಾಪದ್ದು, ಒಂದೇ ಒಂದು ಸುಳ್ಳಿಗೆ ಯುಗಯುಗ ಗುಡಿ ಹೊರಗೆ ನಿಂತೈತೆ. ನೀವು ನಿನ್ನೆ ಹೇಳಿ ಬಂದು ಇವತ್ತು ಶಿವನ ಮುಂದೆ ಮಣೆ ಹಾಕ್ಕೊಂಡು ಕೂತಿದ್ರಲ್ರೀ! ಹೇಳೋದು ಪುರಾಣ, ತಿನ್ನೋದು ಬದನೇಕಾಯಿ!"

"ಏಯ್, ನಾಲಿಗೆ ಬಿಗಿ ಹಿಡಿ! ಆಳಿನ ಮುಂದೆ ಮಾನ ಕಳೀತೀಯಾ?"

"ಮಾನ ಕಚೇರ್ಯಾಗೆ ಬಿಟ್ಟು ಬಂದೀರಿ, ಹೋಗಿ ತಗೊಂಡ್ ಬರ್ರಿ. ದಾರಿ ಇತ್ತು ಅಂತ ನಿಜ ಹೇಳಿ ಬರ್ರಿ. ಆಮ್ಯಾಲೆ ಈ ಮೆಳೇನ ನಾನೇ ಕಡೀತೀನಿ, ಒಂದು ಗರಿ ಬಿಡದಂಗೆ."

ಹೇಳುವಾಗ ಅವಳು ಮೆಳೆಯತ್ತ ತಿರುಗಿ ನೋಡಿದಳು. ಗೂಡಿನಲ್ಲಿ ಮೊಟ್ಟೆಗಳಿದ್ದವು. ಆದರೂ ಹೇಳಿದಳು.

"ಹೆಂಗಸು ಕುಣಿಸಿದಂಗೆ ಕುಣಿಯೋ ಗಂಡಸಲ್ಲ ನಾನು. ಕಡಿಯೋ ಕ್ಯಾತ!"

ಕ್ಯಾತಣ್ಣ ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಕೈ ಕಟ್ಟಿ ನಿಂತ. ಸುಲೋಚನಮ್ಮ ಅದನ್ನು ಎತ್ತಿಕೊಂಡಳು. ಅಂತೂ ದಾರಿಗೆ ಬಂದಳು ಎಂದುಕೊಂಡು ಗಂಡ ಪಕ್ಕಕ್ಕೆ ಸರಿದ. ಅವಳು ಮೆಳೆಯನ್ನು ದಾಟಿ ನೆಟ್ಟಗೆ ಹಳ್ಳದ ದಾರಿಗೆ ಅಡ್ಡ ಹಾಕಿದ್ದ ಬೇಲಿಗೆ ಹೋದಳು.

ಜಾಲಿಮುಳ್ಳಿಗೆ ಬಿದ್ದ ಏಟಿನ ಸದ್ದು ಪಕ್ಕದ ಹೊಲಕ್ಕೆಲ್ಲ ಕೇಳಿಸಿತು. ಸೆರಗು ಹರಿಯಿತು, ಅಂಗೈಯಲ್ಲಿ ರಕ್ತ ಬಂತು, ಅವಳು ನಿಲ್ಲಿಸಲಿಲ್ಲ. "ಹುಚ್ಚು ಹಿಡೀತೇನೇ ನಿನಗೆ!" ಎಂದು ಗಂಡ ಕೂಗಿದ. ಆದರೆ ಕೊಡಲಿಯ ಹತ್ತಿರ ಬರುವ ಧೈರ್ಯ ಅವನಿಗಿರಲಿಲ್ಲ.

"ಸೂರಮ್ಮಾ! ಹೊಡ್ಕೊಂಡು ಬಾರೇ ಕುರೀನ!"

ಸೂರಮ್ಮ ಕುರಿಗಳ ಹಿಂದೆ ನಿಂತು ಹಿಂಜರಿದಳು. "ಅಮ್ಮ, ಯಜಮಾನ್ರು..."

"ಯಜಮಾನ್ರು ಇಲ್ಲೇ ಅವ್ರೆ. ದಾರಿ ಇಲ್ಲ ಅಂದೋರು ಕಣ್ತುಂಬ ನೋಡ್ಲಿ, ಬಾ!"

ಸೂರಮ್ಮ ಬಾಯಿ ತೆರೆಯುವ ಮೊದಲೇ ಕುರಿಗಳು ಬೇಲಿಯ ಕಂಡಿಯಲ್ಲಿ ನುಗ್ಗಿದವು. ಸುಲೋಚನಮ್ಮ ಕೊಡಲಿಯನ್ನು ಯಾರಿಗೂ ಕೊಡದೆ ಕೇದಿಗೆಗೆ ಅಡ್ಡವಾಗಿ ನಿಂತಳು. ಯಾರೂ ತೋರಿಸದಿದ್ದರೂ ಮುಂದಿನ ಕುರಿ ತಲೆ ತಗ್ಗಿಸಿಕೊಂಡು ಹಳ್ಳದ ಕಡೆಗೆ ಹೊರಟಿತು, ಉಳಿದವು ಅದರ ಹಿಂದೆ ಸಾಲು ಹಿಡಿದವು. ತಿಪ್ಪೇರುದ್ರಪ್ಪ ಪಂಚೆ ಎತ್ತಿ ಹಿಡಿದುಕೊಂಡು ದಾರಿ ಬಿಟ್ಟು ಆಚೆ ಸರಿದು ನಿಂತ.