ಕಲ್ಲವ್ವನನ್ನು ಕೂಡಿಸಿದ್ದು

ಮೊಣಕಾಲು ಮಡಚಲಿಲ್ಲ. ಫಕೀರಪ್ಪ ಇನ್ನೊಮ್ಮೆ ಒತ್ತಿ ನೋಡಿದ. ಕಾಲು ಬಾಗುವುದರ ಬದಲು ಅಕ್ಕನ ಸೊಂಟವೇ ಮಂಚದಿಂದ ಮೇಲೆದ್ದಿತು. ಅವನು ಕೈ ತೆಗೆದು ಧೋತರಕ್ಕೆ ಒರೆಸಿಕೊಂಡು ಸುತ್ತ ನಿಂತವರನ್ನು ನೋಡಿದ.

"ಯಾರು ಹಿಂಗ ಉದ್ದಕ ಮಲಗಿಸಿದವ್ರು ನಮ್ಮ ಅಕ್ಕನ್ನ?"

"ನಾನು," ಎಂದಳು ಅಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹುಡುಗಿ ಅಪೇಕ್ಷಾ.

"ಕಟಗಿ ಆಗ್ಯಾಳಲ್ಲವಾ. ನಮ್ಮಲ್ಲಿ ಕೂಡಸ್ತಾರ. ಜೀವ ಹೋದ ಕೂಡಲೇ ಗ್ವಾಡಿಗೆ ಆನಿಸಿ, ಕಾಲು ಮಡಚಿ ಕೂಡಸ್ತಾರ. ಲಿಂಗಾಯತ್ರನ್ನ ಮಲಗಿಸಿ ಹೂಳ್ತಾರೇನು?"

ಅಪೇಕ್ಷಾಳ ಅಪ್ಪ ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲು ಇಟ್ಟವರು, ಸತ್ತವರನ್ನು ಸುಡುವ ಪೈಕಿ. ಕೂಡಿಸುವುದನ್ನು ಅವಳು ಕಂಡಿದ್ದಿಲ್ಲ, ಕೇಳಿದ್ದೂ ಇಲ್ಲ.

ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಹನ್ನೆರಡು ಮಂಚದ ಆರೈಕೆ ಮನೆ ಅದು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕೈಬಿಟ್ಟವರನ್ನು, ಮನೆಯಲ್ಲಿ ನೋಡುವವರಿಲ್ಲದಿದ್ದರೆ, ಅಲ್ಲಿಗೆ ತರುತ್ತಿದ್ದರು. ಕಲ್ಲವ್ವ ಅಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದಳು. ಎಲ್ಲರ ಬಾಯಲ್ಲೂ ಅವಳು ಮಾವಶಿ, ಮರಾಠಿಯ ಚಿಕ್ಕಮ್ಮ. ಈ ಹೊತ್ತು ಬೆಳಗಿನ ಐದೂವರೆಗೆ, "ಎದಿ ಯಾಕೋ ಹಿಡದಂಗ ಆಗೇದ, ಒಂದ್ ಗಳಿಗಿ ಅಡ್ಡಾಗ್ತೀನಿ" ಎಂದು ಖಾಲಿ ಇದ್ದ ಏಳನೆಯ ಮಂಚಕ್ಕೆ ಒರಗಿದವಳು, ಡಾಕ್ಟರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅಪೇಕ್ಷಾ ಅಳುತ್ತಲೇ ಅವಳ ಮುಖ ಒರೆಸಿ, ಕಣ್ಣು ಮುಚ್ಚಿಸಿ, ಗದ್ದ ಕಟ್ಟಿ, ಕಾಲುಗಳನ್ನು ನೀಟಾಗಿ ಚಾಚಿ ಮಲಗಿಸಿದ್ದಳು. ಎರಡು ವರ್ಷದ ಕೆಲಸದಲ್ಲಿ ಇಷ್ಟು ಚೊಕ್ಕಟವಾಗಿ ಅವಳು ಯಾರನ್ನೂ ಮಲಗಿಸಿರಲಿಲ್ಲ.

"ಬೇಸರ ಮಾಡಬೇಡಿ," ಎಂದರು ಮೇಲ್ವಿಚಾರಕಿ ಹರಿಣಾಕ್ಷಿ ಸಿಸ್ಟರು. "ಹುಡುಗಿ ಟ್ರೈನಿಂಗ್ ಆದವಳು. ಆನ್‌ಲೈನ್ ಕೋರ್ಸು, ಇಂಗ್ಲೆಂಡಿನದ್ದು. ಅದರಲ್ಲಿ ಹೇಗುಂಟೋ ಹಾಗೇ ಮಾಡಿದ್ದಾಳೆ."

"ಇಂಗ್ಲಂಡನ್ಯಾಗ ಲಿಂಗಾಯತ್ರು ಎಷ್ಟು ಮಂದಿ ಅದಾರ್ರಿ, ಬಾಯಾರ?"

ಫಕೀರಪ್ಪ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ವ್ಯಾಪಾರಿ. ಬೆಳಗಿನ ಹರಾಜಿನ ಗದ್ದಲದಲ್ಲಿ ಸಿಸ್ಟರ ಫೋನನ್ನು ನಾಲ್ಕು ಸಲವೂ ಎತ್ತಿರಲಿಲ್ಲ. ಎತ್ತಿದ್ದರೆ ಕೂಡಿಸಿರೆಂದು ಆಗಲೇ ಹೇಳುತ್ತಿದ್ದ. ಆ ತಪ್ಪೂ ಸೇರಿಕೊಂಡು ಅವನ ದನಿ ಜೋರಾಗಿತ್ತು. ಈಗ ಹನ್ನೊಂದೂವರೆ. ಕಲ್ಲವ್ವನ ಒಬ್ಬನೇ ಮಗ ಚನ್ನವೀರ ಇಂದಾಪುರದ ಬಸ್ ಡಿಪೋದಿಂದ, ಗ್ರೀಸು ಹತ್ತಿದ ಅಂಗಿಯಲ್ಲೇ ಬಂದು, ತಾಯಿಯ ಪಾದದ ಬಳಿ ನಿಂತಿದ್ದ.

"ಅಯ್ಯನೋರು ನಾಕಕ್ಕ ಮಣ್ಣು ಕೊಡಬೇಕಂತಾರ. ಆಮ್ಯಾಲೆ ಅವ್ರು ಸಿಗೂದಿಲ್ಲ," ಎಂದ ಫಕೀರಪ್ಪ. ಕುಣಿ ತೋಡುವ ಕಾಂತಪ್ಪನೊಡನೆ ಫೋನಿನಲ್ಲಿ ಮಾತಾಡಿ ಬಂದಿದ್ದ. ದನಿ ತಗ್ಗಿಸಿದ. "ಮೊಣಕಾಲ ಹಿಂದಿನ ನರ ಕೊಯ್ದ್ರ ಮಡಚ್ತಾವಂತ. ಕಾಂತಪ್ಪ ಮಾಡ್ಯಾನಂತ ಒಮ್ಮೆ."

"ಮಾಮಾ, ಅವ್ವಗ ಚಾಕು ಹಚ್ಚಬ್ಯಾಡ್ರಿ," ಎಂದ ಚನ್ನವೀರ. "ಮಲಗಿಸೇ ಹೂಳೂಣು. ಹದಿನೆಂಟು ವರ್ಷ ಮಂದೀನ ಕೇಳಿ ಕೇಳಿ, ಅವರವರ ಪದ್ಧತಿ ಪ್ರಕಾರ ಕಳಿಸಿಕೊಟ್ಟಾಕಿ. ತನ್ನ ಪಾಳಿ ಬಂದಾಗ..."

*

ಕೋರ್ಸು ಬಂದದ್ದು ಆರು ತಿಂಗಳ ಹಿಂದೆ, ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ. ಸಾಯುವವರ ಆರೈಕೆ ಹೇಗೆಂದು ಹೇಳುವ ಹನ್ನೆರಡು ಪಾಠ, ಪಾಠಕ್ಕೆ ಹತ್ತು ಪ್ರಶ್ನೆ. ಎಲ್ಲರೂ ಪಾಸಾಗಲೇಬೇಕೆಂದು ಮನೆ ನಡೆಸುವ ಟ್ರಸ್ಟಿನವರ ಆಜ್ಞೆ. ಪಾಸಾಗದಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಎಲ್ಲರೂ ಹೆದರಿದ್ದರು. ಸಹಿಯೊಂದನ್ನು ಬಿಟ್ಟರೆ ಅಕ್ಷರವೇ ಬಾರದ ಕಲ್ಲವ್ವನನ್ನು ಸಿಸ್ಟರು ಅಪೇಕ್ಷಾಳ ಪಕ್ಕ ಕೂರಿಸಿದರು. ಔಷಧಿ ಇಡುವ ಕೋಣೆಯಲ್ಲಿ ಕಂಪ್ಯೂಟರು. ಕಲ್ಲವ್ವ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದಳು.

"ಏನಂತಾಳ ಅದರಾಗಿನ ಆ ಹೆಣ್ಣಮಗಳು?"

"ಸಾಯುವವರ ಹತ್ತಿರ ಕುರ್ಚಿ ಹಾಕಿ ಕೂತು ಮಾತಾಡ್ಬೇಕಂತೆ, ಮಾವಶಿ."

"ಇದನ್ನ ಹೇಳಾಕ ಇಂಗ್ಲಂಡದಿಂದ ಬರಬೇಕೇನು?"

ಹನ್ನೊಂದನೆಯ ಪಾಠದಲ್ಲಿ ಚಿತ್ರವೊಂದು ಬಂತು. ಸತ್ತವರು ನೆಟ್ಟಗೆ ಮಲಗಿದ್ದಾರೆ, ಕೈ ಪಕ್ಕಕ್ಕೆ, ಕಾಲು ಚಾಚಿ. ಕಲ್ಲವ್ವ ಪರದೆಯ ಹತ್ತಿರ ಮುಖ ತಂದಳು. ಆರೈಕೆ ಮನೆಯಲ್ಲಿ ಯಾರು ಹೋದರೂ, ಮುಟ್ಟುವ ಮುಂಚೆ ಮನೆಯವರನ್ನು ಅವಳು ಕೇಳುತ್ತಿದ್ದದ್ದು ಒಂದೇ ಮಾತು, ತನ್ನ ಮುರುಕು ಮರಾಠಿಯಲ್ಲಿ: ನಿಮ್ಮಲ್ಲಿ ಹೇಗೆ ಮಾಡುತ್ತೀರಿ.

"ತಡಿ. ಇವ್ರನ್ನ ಹಿಂಗ ಮಲಗಿಸೂಕಿಂತ ಮೊದಲ ಮನಿಯವ್ರನ್ನ ಕೇಳಿದ್ರೇನು?"

"ಅದು ಮುಂದಿನ ಪುಟದಲ್ಲಿ ಉಂಟೇನೋ."

"ಹಂಗಾರ ಓದು."

ಮುಂದಿನ ಪುಟ ಉದ್ದವಾಗಿತ್ತು, ಅಕ್ಷರ ಸಣ್ಣವು. ಇಂಟರ್‌ನೆಟ್ಟು ಯಾವ ಕ್ಷಣದಲ್ಲೂ ಹೋಗುವಂತಿತ್ತು, ಅಪೇಕ್ಷಾಳ ಬಸ್ಸು ಆರಕ್ಕೆ. ಅವಳು ಪುಟವನ್ನು ಸರ್ರನೆ ದಾಟಿಸಿ ಪ್ರಶ್ನೆಗಳಿಗೆ ಹೋದಳು.

"ಹಾಂ, ಕೇಳ್ಬೇಕು ಅಂತ ಉಂಟು ಮಾವಶಿ," ಎಂದಳು, ಓದದೆಯೇ.

"ಹಂಗಾರ ಬರೋಬ್ಬರಿ ಅದ," ಎಂದು ಕಲ್ಲವ್ವ ಸಮಾಧಾನದಿಂದ ಹಿಂದಕ್ಕೊರಗಿದಳು.

ಕಲ್ಲವ್ವನ ಹೆಸರಿನಲ್ಲಿ ಉತ್ತರ ಕೊಟ್ಟವಳೂ ಅಪೇಕ್ಷಾಳೇ. ಎರಡನೆಯ ಸಲ ಕೈ ಪಳಗಿತ್ತು. ಅಪೇಕ್ಷಾಳಿಗೆ ಎಂಬತ್ತನಾಲ್ಕು ಬಂದರೆ ಕಲ್ಲವ್ವನಿಗೆ ತೊಂಬತ್ತೆರಡು. "ನನಗಿಂತ ಎಂಟು ಕಮ್ಮಿ, ಸುಮ್ಮನ ನನ್ನ ಕೈಕೆಳಗ ಕೆಲಸ ಮಾಡು," ಎಂದು ಕಲ್ಲವ್ವ ತಿಂಗಳಿಡೀ ಅವಳನ್ನು ಕಾಡಿದ್ದಳು.

*

"ಒಂದು ಗಂಟೆ ಕೊಡಿ," ಎಂದಳು ಅಪೇಕ್ಷಾ. "ನಾನು ಮಡಚ್ತೇನೆ. ಕೊಯ್ಯುವುದು ಬೇಡ."

"ಅಟ್ಟಮ್ಯಾಲೆ ಒಲಿ ಉರೀತು, ಕೆಟ್ಟಮ್ಯಾಲೆ ಬುದ್ಧಿ ಬಂತು," ಎಂದ ಫಕೀರಪ್ಪ.

"ಮಾವಶಿ ಮಾಡಿದ್ದನ್ನು ನೋಡಿದ್ದೇನೆ. ಸಾಸವಡದ ಅಜ್ಜ ಒಬ್ಬರು ಆರಾಮ ಕುರ್ಚಿಯಲ್ಲೇ ಹೋಗಿ ಹಾಗೇ ಸೆಟೆದುಬಿಟ್ಟಿದ್ರು. ಬಿಸಿ ಟವೆಲು ಸುತ್ತಿ, ಎಣ್ಣೆ ಹಚ್ಚಿ, ತಿಕ್ಕಿ ತಿಕ್ಕಿ ಸಡಿಲ ಮಾಡಿದ್ರು."

ತಾನು ಆಗ ಮೂಗಿಗೆ ದುಪಟ್ಟಾ ಹಿಡಿದು ಬಾಗಿಲಲ್ಲಿ ನಿಂತಿದ್ದೆನೆಂದು ಅವಳು ಹೇಳಲಿಲ್ಲ.

"ಮಾಡ್ಲಿ ಬಿಡ್ರಿ, ಮಾಮಾ," ಎಂದ ಚನ್ನವೀರ.

ಗಂಡಸರು ಹೊರಗೆ ಹೋದರು. ಸಿಸ್ಟರು ನೀರು ಕಾಯಿಸಿ ತಂದರು. ಬಲಗಾಲಿನಿಂದ ಶುರು. ಅಪೇಕ್ಷಾ ಟವೆಲು ಹಿಂಡಿ ಸುತ್ತಿದಳು, ತೆಗೆದಳು, ಹರಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ತೀಡಿದಳು, ಒಂದು ಕೂದಲೆಳೆಯಷ್ಟು ಮಡಚಿದಳು. ಮತ್ತೆ ಟವೆಲು. ಹೊರಗೆ ಬಾಡಿಗೆಯ ಟೆಂಪೋದವನು ಹಾರ್ನು ಹೊಡೆದ. ಫಕೀರಪ್ಪ ಹತ್ತು ನಿಮಿಷಕ್ಕೊಮ್ಮೆ ಬಾಗಿಲಿಗೆ ಬಂದು "ಎಲ್ಲೀತನ ಬಂತವಾ?" ಎಂದು ಕೇಳಿ ಅಂಗಳಕ್ಕೆ ಮರಳುತ್ತಿದ್ದ, ಅಲ್ಲೂ ನಿಲ್ಲಲಾರದೆ ಬೀದಿಗೆ ಹೋಗುತ್ತಿದ್ದ. ಒಂದು ಗಂಟೆ ಮುಗಿಯುತ್ತ ಬಂದರೂ ಒಂದೇ ಕಾಲು ಆಗಿತ್ತು, ಅದೂ ಪೂರ್ತಿಯಲ್ಲ.

"ಮಾವಶಿ, ಕಾಲು ಸಡಿಲ ಬಿಡಿ," ಎಂದಳು, ಸಾಸವಡದ ಅಜ್ಜನಿಗೆ ಕಲ್ಲವ್ವ ಹೇಳಿದ ಹಾಗೆ. ಆಮೇಲೆ ತಡೆಯಲಾಗಲಿಲ್ಲ. "ನಾನು ಸುಳ್ಳು ಹೇಳಿದೆ. ಆ ಪುಟ ಓದಲೇ ಇಲ್ಲ. ನೀವು ಓದು ಅಂದ್ರೂ ಓದಲಿಲ್ಲ. ಇವತ್ತೂ ಯಾರನ್ನೂ ಕೇಳಲಿಲ್ಲ. ನಿಮ್ಮನ್ನೇ ಒಂದು ದಿನ ಕೇಳಿದ್ರೆ ಸಾಕಿತ್ತು, ಪಕ್ಕದಲ್ಲೇ ಇದ್ರಲ್ಲ."

ಬಿಸಿನೀರಿನ ಬಕೆಟ್ಟು ಹಿಡಿದು ಚನ್ನವೀರ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವಳು ತಲೆ ತಗ್ಗಿಸಿದಳು. ಬೈದಿದ್ದರೆ ಸಹಿಸಬಹುದಿತ್ತು.

ಅವನು ಬಕೆಟ್ಟು ಇಳಿಸಿ, ಹಾಸಿಗೆಯ ಇನ್ನೊಂದು ಬದಿಗೆ ಕೂತು, ತಾಯಿಯ ಎಡ ಪಾದವನ್ನು ತೊಡೆಯ ಮೇಲಿಟ್ಟುಕೊಂಡ.

"ಈ ಕಾಲು ಸಾವಕಾಶ ಮಾಡ್ರಿ," ಎಂದ. "ಹೋದ ಶ್ರಾವಣದಾಗ ಜಾರಿ ಬಿದ್ದಿದ್ಲು. ಈ ಮೊಣಕಾಲು ಭಾಳ ನೋಯತಿತ್ತು ಆಕಿಗೆ."

ಅಪೇಕ್ಷಾ ಸಾವಕಾಶವಾಗಿಯೇ ಮಾಡಿದಳು.

ಎರಡೂವರೆಗೆ ಸೊಂಟವೂ ಸಡಿಲವಾಗಿ ಎರಡೂ ಕಾಲು ಮಡಚಿದವು, ಎಡಗಾಲು ಒಂಚೂರು ಹೊರಗೆ ಚಾಚಿಕೊಂಡಿತ್ತು. ಸೀರೆಯಲ್ಲಿ ಅದು ಮುಚ್ಚಿಹೋಯಿತು. ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟರು. ಫಕೀರಪ್ಪ ಅಕ್ಕನನ್ನು ನೋಡಿ, ಗೋಡೆಯ ಕಡೆ ತಿರುಗಿ ಅತ್ತ. ಬೆಳಿಗ್ಗೆಯಿಂದ ಅವನು ಅತ್ತಿರಲಿಲ್ಲ.

ಆದರೆ ಗೋಡೆ ಬಿಟ್ಟರೆ ಕಲ್ಲವ್ವ ಕೂರಲಾರಳು. ಮುಂಜಾನೆಯೇ ಕೂಡಿಸಿದ್ದರೆ ಆ ಭಂಗಿಯಲ್ಲೇ ಗಟ್ಟಿಯಾಗುತ್ತಿದ್ದಳು. ಈಗ ತಿಕ್ಕಿ ಸಡಿಲ ಮಾಡಿದ ಮೈ ಎತ್ತಬೇಕಾದರೆ ಇತ್ತ ವಾಲುತ್ತಿತ್ತು, ಅತ್ತ ವಾಲುತ್ತಿತ್ತು. ಸತ್ತವರನ್ನು ಕೂಡಿಸಿ ಹೊತ್ತೊಯ್ಯುವ ಬಿದಿರಿನ ವಿಮಾನ ಕಟ್ಟಿಸಲು ಹೊತ್ತಿರಲಿಲ್ಲ. ಟೆಂಪೋದ ಹಿಂಭಾಗದಲ್ಲಿ, ಬೀದಿಯ ಜನಕ್ಕೆ ಮುಖ ಕಾಣುವಂತೆ ಕೂಡಿಸಿ, ಬಟ್ಟೆಯಿಂದ ಕಂಬಿಗೆ ಬಿಗಿದರು. ಟೆಂಪೋ ನಾಲ್ಕು ಮಾರು ಹೋಗುವಷ್ಟರಲ್ಲಿ ಗಂಟು ಜಾರಿ ಕಲ್ಲವ್ವ ಪಕ್ಕಕ್ಕೆ ಹೊರಳಿದಳು. ಚನ್ನವೀರ ಎರಡೂ ಕೈಯಿಂದ ಹಿಡಿದುಕೊಂಡ. ಗಂಟೆ ಮೂರಾಗಿತ್ತು.

"ಬೆನ್ನಿಗೆ ಯಾರರ ಕೂಡ್ರಬೇಕು. ಇಲ್ಲಾಂದ್ರ ಆಗೂದಿಲ್ಲ," ಎಂದ ಫಕೀರಪ್ಪ. ವಾಡೆಯ ಬಾಗಿಲಲ್ಲಿ, ಎಣ್ಣೆಗೈ ಒರೆಸದೆ ನಿಂತಿದ್ದ ಅಪೇಕ್ಷಾಳ ಕಡೆ ನೋಡಿದ. "ಏರವಾ, ತಂಗಿ."

"ಅವಳು ನಿಮ್ಮವಳಲ್ಲವಲ್ಲ," ಎಂದರು ಸಿಸ್ಟರು, ಮೆಲ್ಲಗೆ.

"ಅದನ್ನ ಕೇಳೂ ಹೊತ್ತೇನ್ರಿ ಇದು?"

ಅಪೇಕ್ಷಾ ಏರಿದಳು. ಕ್ಯಾಬಿನ್ನಿನ ಕಡೆ ಮುಖ ಮಾಡಿ, ಕಲ್ಲವ್ವನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು. ಬಟ್ಟೆಯನ್ನು ಇಬ್ಬರಿಗೂ ಸೇರಿಸಿ ಸುತ್ತಿದರು. ಟೆಂಪೋ ಹೊರಟಿತು. ಕ್ಲಾಸು ಬಿಟ್ಟ ಹುಡುಗಿಯರ ಸ್ಕೂಟರುಗಳು ಬೀದಿ ತುಂಬ. ಯಾರೋ ಅಡ್ಡ ನುಗ್ಗಿದರು, ಡ್ರೈವರು ಗಕ್ಕನೆ ಬ್ರೇಕು ಒತ್ತಿದ. ಕಲ್ಲವ್ವನ ಭಾರವೆಲ್ಲ ಅವಳ ಬೆನ್ನಿನ ಮೇಲೆ ಬಂತು, ತಲೆಯ ಹಿಂಭಾಗ ಅವಳ ಕುತ್ತಿಗೆಗೆ ತಾಗಿ ನಿಂತಿತು. ಅಪೇಕ್ಷಾ ಎರಡೂ ಪಾದಗಳನ್ನು ಕ್ಯಾಬಿನ್ನಿನ ತಗಡಿಗೆ ಒತ್ತಿ ಹಿಡಿದಳು, ಅಲುಗಲಿಲ್ಲ.