ಕೊಂಡಪ್ಪನಿಗೆ ಎಷ್ಟು ಗಾಳಿ

ಬಂಗಾರಪೇಟೆಯ ಆ ಪುಟ್ಟ ಆಸ್ಪತ್ರೆಯ ತುರ್ತು ಕೋಣೆಗೆ ಡಾಕ್ಟರ್ ಸುಮಿತಾ ಒಬ್ಬಳೇ ದಿಕ್ಕು. ಮಧ್ಯಾಹ್ನ ಎರಡಕ್ಕೆ ಅಂಜಮ್ಮ ಗಣಿ ಊರು ಕೋರಮಂಡಲ್‌ನಿಂದ ಗಂಡ ಕೊಂಡಪ್ಪನನ್ನು ಆಟೋದಲ್ಲಿ ಕರೆತಂದಳು. ಇಪ್ಪತ್ತೈದು ವರ್ಷ ಚಿನ್ನದ ಗಣಿಯೊಳಗೆ ಬಂಡೆ ಕೊರೆದ ಮನುಷ್ಯ. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಅದರ ಧೂಳು ಅವನ ಎದೆ ಬಿಟ್ಟು ಹೊರಟಿರಲಿಲ್ಲ. ಒಂದೊಂದು ಉಸಿರಿಗೂ ಮೈಯೆಲ್ಲ ಎದ್ದು ಬೀಳುತ್ತಿತ್ತು.

ಆಕ್ಸಿಜನ್ ಕೊಡಬೇಕು, ಸರಿ. ಎಷ್ಟು? ಕೆಟ್ಟ ಶ್ವಾಸಕೋಶಕ್ಕೆ ಧಾರಾಳವಾಗಿ ಕೊಟ್ಟರೆ ರೋಗಿ ಮಂಪರಿಗೆ ಜಾರಿ ಸಾಯಬಹುದು, ಅಳೆದು ಕೊಟ್ಟಾಗ ಹೆಚ್ಚು ಜನ ಬದುಕಿದರು ಎಂದು ಅವಳು ಓದಿದ್ದ ಅಧ್ಯಯನ ಹೇಳುತ್ತಿತ್ತು. ಮೊಬೈಲಿನಲ್ಲಿ ಅದನ್ನೇ ಮತ್ತೆ ತೆಗೆದು ನೋಡಿದಳು. ಅದರಲ್ಲಿದ್ದವರೆಲ್ಲ ಸಿಗರೇಟು ಸೇದಿ ಎದೆ ಕೆಡಿಸಿಕೊಂಡ ದೂರದೇಶದವರು. ಕಲ್ಲಿನ ಧೂಳು ಕುಡಿದವನು ಒಬ್ಬನೂ ಇಲ್ಲ. ಆ ಸಂಶೋಧಕ ಮಹಾಶಯರಿಗೆ ಕೋರಮಂಡಲ್ ಬಸ್ಸು ಸಿಕ್ಕಿರಲಿಲ್ಲವೇನೋ! ರಕ್ತ ಪರೀಕ್ಷಿಸಿ ನೋಡೋಣವೆಂದರೆ ಅದರ ಯಂತ್ರ ಇದ್ದದ್ದು ಕೋಲಾರದಲ್ಲಿ, ಆಂಬುಲೆನ್ಸ್ ಹೋಗಿದ್ದು ಕಾಮಸಮುದ್ರಕ್ಕೆ. ಬೇರೆ ಆಧಾರವಿಲ್ಲದೆ ಸಿಲಿಂಡರಿನ ತಿರುಪನ್ನು ನಿಮಿಷಕ್ಕೆ ಎರಡು ಲೀಟರಿಗೆ ನಿಲ್ಲಿಸಿ, "ಇದನ್ನ ಮುಟ್ಟಬೇಡಿ ಅಮ್ಮ" ಎಂದಳು. ಯಾಕೆಂದು ಹೇಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ನರ್ಸ್ ಕೂಗಿದಳು.

ಬೂದಿಕೋಟೆಯಿಂದ ಬಂದಿದ್ದ ಮಗುವಿನ ಫಿಟ್ಸ್ ನಿಲ್ಲಿಸಿ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಕೊಂಡಪ್ಪ ಶಾಂತವಾಗಿ ಮಲಗಿದ್ದ. ಅಂಜಮ್ಮನ ಮುಖ ಅರಳಿತ್ತು.

"ನಿದ್ದೆ ಅತ್ತೈತೆ ನೋಡಿ ಡಾಕ್ಟ್ರಮ್ಮ. ಮೂರು ದಿನದಿಂದ ಕಣ್ಣು ಮುಚ್ಚಿರ್ನಿಲ್ಲ. ನೀವು ಮುಟ್ಬ್ಯಾಡ ಅಂದಿದ್ರಿ, ಆದ್ರೂ ಆ ಏದುಸ್ರು ನೋಡಕಾಗ್ಲಿಲ್ಲ, ಪೂರಾ ತಿರುಗಿಸ್ಬಿಟ್ಟೆ. ಗಣಿಯಾಗೆ ಉಸ್ರು ಕಟ್ಟಿದ್ರೆ ಗಾಳಿ ಪೈಪು ಪೂರಾ ಬಿಡ್ತಿದ್ರು ಅಂತ ಇವ್ರೇ ಏಳೋರು."

ಸುಮಿತಾ ಸಿಲಿಂಡರಿನತ್ತ ಧಾವಿಸಿದಳು. ತಿರುಪು ಇಳಿಸಿದಳು. ಭುಜ ಹಿಡಿದು ಅಲುಗಿಸಿದಳು, ಕಿವಿಯ ಹತ್ತಿರ ಕೂಗಿದಳು, ಮುಖಕ್ಕೆ ಗಾಳಿಚೀಲ ಒತ್ತಿ ಕೈ ಸೋಲುವವರೆಗೂ ಉಸಿರು ತುಂಬಿದಳು. ಅವನು ಕಣ್ಣು ಬಿಡಲಿಲ್ಲ. ನಾಲ್ಕೂಕಾಲಿಗೆ ನಾಡಿ ನಿಂತಿತು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ.

ಕೊಂದದ್ದು ಹೆಚ್ಚಾದ ಗಾಳಿಯೋ, ಹಳೆಯ ಧೂಳೋ, ತಾನು ಹೇಳದೆ ಹೋದ ಒಂದು ಮಾತೋ? ಯಾವ ಅಧ್ಯಯನವೂ ಇದಕ್ಕೆ ಉತ್ತರ ಕೊಡಲಾರದು. ಅವಳಿಗೆ ಅಳು ಒತ್ತರಿಸಿ ಬಂತು, ಆದರೆ ಅಳುವ ಸರದಿ ಅವಳದಾಗಿರಲಿಲ್ಲ.

ಅಂಜಮ್ಮ ಅವಳ ಕೈ ಹಿಡಿದುಕೊಂಡಳು. "ನಾನು ಇನ್ನೊಸಿ ಮುಂಚೇನೇ ತಿರುಗಿಸ್ಬೇಕಾಗಿತ್ತು, ಅಲ್ವಾ ಡಾಕ್ಟ್ರಮ್ಮ?"

"ಇಲ್ಲಮ್ಮ" ಎಂದಳು ಸುಮಿತಾ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳುವ ಧೈರ್ಯ ಅವಳಿಗಿರಲಿಲ್ಲ.